ಬೋಧಕರ ಏಳನೆಯ ವರುಷ

ಓದತಕ್ಕ ವಾಕ್ಯಗಳು: ಯಾಜಕಕಾಂಡ 25:1–7, 18–22, 1 ಅರಸುಗಳು 19, ಮಾರ್ಕ 6:30–46.

ಬೋಧಕರೊಬ್ಬರು ಅನೇಕ ವರುಷ ಸೇವೆಮಾಡಿದ ತರುವಾಯ ಕೆಲವು ತಿಂಗಳ ವಿಶ್ರಾಂತಿಯನ್ನು ಕೇಳಿದರೆ ಹಳ್ಳಿಯ ಸಭೆಯಲ್ಲಿ ಗುಸುಗುಸು ಮಾತು ಹುಟ್ಟುವದುಂಟು. "ನಮ್ಮ ನೇಗಿಲಿಗೆ ರಜೆಯಿಲ್ಲ, ಎಮ್ಮೆ ಕರೆಯುವದಕ್ಕೆ ರಜೆಯಿಲ್ಲ; ಅಯ್ಯನವರಿಗೆ ಮಾತ್ರ ಏಕೆ?" ಎನ್ನುತ್ತಾರೆ. ಪ್ರಿಯರೇ, ಈ ಪ್ರಶ್ನೆಯನ್ನು ನಾವು ತಳ್ಳಿಬಿಡಲಾರೆವು. ಕೂಲಿಮಾಡಿ ಬದುಕುವವನ ಕಾಣಿಕೆಯೂ ಬೋಧಕರ ಸಂಬಳದಲ್ಲಿ ಸೇರಿದೆಯಲ್ಲವೇ? ಆದದರಿಂದ ವೇದವು ಏನು ಹೇಳುತ್ತದೋ ನೋಡೋಣ.

ಸಬ್ಬತ್ತೆಂಬ ಇಬ್ರಿಯ ಶಬ್ದವು ನಿಲ್ಲಿಸು, ಬಿಡು ಎಂಬ ಅರ್ಥವುಳ್ಳ ಧಾತುವಿಗೆ ಸೇರಿದ್ದು. ಮೋಶೆಯ ಧರ್ಮಶಾಸ್ತ್ರದಲ್ಲಿ ಏಳನೆಯ ವರುಷದ ವಿಶ್ರಾಂತಿಯು ಯಾಜಕನಿಗಲ್ಲ, ಹೊಲಕ್ಕೆ ನೇಮಕವಾಯಿತು. ಆರು ವರುಷ ಬಿತ್ತಿ ಕೊಯ್ದ ಭೂಮಿಯನ್ನು ಏಳನೆಯ ವರುಷ ಬೀಳುಬಿಡಬೇಕು. ತಾನಾಗಿ ಬೆಳೆದದ್ದು ಬಡವನಿಗೂ ಆಳಿಗೂ ಪರದೇಶಿಗೂ ದನಕರುಗಳಿಗೂ ಸಲ್ಲಬೇಕು. ಎಡೆಬಿಡದೆ ಬೆಳೆ ತೆಗೆದ ಹೊಲದ ಸಾರವು ಇಳಿದುಹೋಗುವದೆಂದು ಒಕ್ಕಲಿಗನಿಗೆ ನಾವು ಕಲಿಸಬೇಕಾದದ್ದಿಲ್ಲ. ಆ ವರುಷದ ಊಟದ ಚಿಂತೆಯನ್ನೂ ದೇವರು ಅಲ್ಲಗಳೆಯಲಿಲ್ಲ. ಆರನೆಯ ವರುಷದ ಬೆಳೆಯೇ ಮೂರು ವರುಷಕ್ಕೆ ಸಾಲುವಂತೆ ಮಾಡುವೆನೆಂದು ಮಾತುಕೊಟ್ಟನು. ಏಳನೆಯ ವರುಷದಲ್ಲಿಯೇ ಸಾಲದ ಬಿಡುಗಡೆಯೂ ಇತ್ತು (ಧರ್ಮೋಪದೇಶಕಾಂಡ 15). ಗಂಡಸರೂ ಹೆಂಗಸರೂ ಮಕ್ಕಳೂ ಕೂಡಿಬಂದು ಧರ್ಮಶಾಸ್ತ್ರದ ಪಾರಾಯಣವನ್ನು ಕೇಳಬೇಕೆಂಬ ಅಪ್ಪಣೆಯೂ ಇತ್ತು (31:10–13). ನೇಗಿಲು ನಿಂತಾಗ ಕಿವಿ ತೆರೆಯಬೇಕಾಗಿತ್ತು. ಇಸ್ರಾಯೇಲ್ಯರು ಈ ವಿಶ್ರಾಂತಿಯನ್ನು ಕೊಡದೆಹೋದರು. ಸೆರೆಯ 70 ವರುಷಗಳಲ್ಲಿ ಭೂಮಿಯು ತನಗೆ ಬರಬೇಕಾದ ಸಬ್ಬತ್ತುಗಳನ್ನು ತೀರಿಸಿಕೊಂಡಿತು (2 ಪೂರ್ವಕಾಲವೃತ್ತಾಂತ 36:21). ಹಾಗೆಯೇ ಮಂಚ ಹಿಡಿದು ಬಾಕಿ ತೀರಿಸಿದ ಸೇವಕರನ್ನು ನಾವು ಕಂಡಿದ್ದೇವೆ.

ಲೋಕದ ವಿದ್ಯಾವಂತರು ಈ ಕ್ರಮವನ್ನು ಎರವು ತಂದುಕೊಂಡರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವು 1880ರಲ್ಲಿ ತನ್ನ ಪ್ರಾಧ್ಯಾಪಕರಿಗೆ ಏಳನೆಯ ವರುಷದ ಬಿಡುವನ್ನು ಏರ್ಪಡಿಸಿತು.

ಎಲೀಯನನ್ನು ನೋಡಿರಿ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಪಡೆದವನು ಮರುದಿನಗಳಲ್ಲಿ ಅಡವಿಯ ಗಿಡದ ಕೆಳಗೆ ಬಿದ್ದು ಸಾವನ್ನು ಬೇಡಿಕೊಂಡನು. ದೂತನು ಅವನನ್ನು ಗದರಿಸಲಿಲ್ಲ, ಅಪನಂಬಿಕೆಯ ಮೇಲೆ ಪ್ರಸಂಗವನ್ನೂ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು, ನಿದ್ರೆ, ಪುನಃ ರೊಟ್ಟಿ. ಹೋರೇಬಿನಲ್ಲಿ ದೇವರ ಮಾತು ಕೇಳಿಸಿದ್ದು ಆಮೇಲೆ. ಅಲ್ಲಿ ಅವನಿಗೆ ಎಲೀಷನೆಂಬ ಜೊತೆಗಾರನೂ ನೇಮಿಸಲ್ಪಟ್ಟನು. ದಣಿದವನಿಗೆ ಮೊದಲು ಉಪದೇಶ ಹೇಳುವ ನಮ್ಮ ರೂಢಿಗೂ ಇದಕ್ಕೂ ಎಷ್ಟು ಅಂತರ!

ಮಾರ್ಕನ ಸುವಾರ್ತೆಯಲ್ಲಿ ಇನ್ನೊಂದು ಸಂಗತಿಯುಂಟು. ಊಟಕ್ಕೂ ಸಮಯವಿಲ್ಲದ ಶಿಷ್ಯರನ್ನು ಕರ್ತನು ದೋಣಿಯಲ್ಲಿ ಅಡವಿಯ ಸ್ಥಳಕ್ಕೆ ಕರೆದುಕೊಂಡು ಹೋದನು. ಆದರೆ ಜನರು ಕಾಲ್ನಡೆಯಾಗಿ ಓಡಿ ಮುಂಚೆಯೇ ಅಲ್ಲಿ ಸೇರಿದರು! ಆತನು ಸಿಟ್ಟಾಗದೆ ಕನಿಕರಪಟ್ಟು ಬೋಧಿಸಿ, ಐದು ಸಾವಿರ ಮಂದಿಗೆ ಊಟ ಕೊಟ್ಟನು. ಆದರೂ ಸಾಯಂಕಾಲ ಜನರನ್ನು ಕಳುಹಿಸಿಬಿಟ್ಟು ಪ್ರಾರ್ಥನೆಗೆ ಬೆಟ್ಟಕ್ಕೆ ಹೋದನು. ಜನರನ್ನು ಕಳುಹಿಸುವದೂ ಸೇವೆಯ ಒಂದು ಭಾಗವೆಂದು ನಾವು ನೆನಸುತ್ತೇವೆ.

ಇನ್ನು ಒಕ್ಕಲಿಗನ ಪ್ರಶ್ನೆ. ನಿಮಗೆ ವಿಶ್ರಾಂತಿಯಿಲ್ಲವೆಂಬದು ಅಯ್ಯನವರಿಗೂ ಕೊಡಬಾರದೆಂಬದಕ್ಕೆ ಕಾರಣವಲ್ಲ. ನಿಮಗೂ ಸಿಕ್ಕಬೇಕೆಂಬದಕ್ಕೆ ಕಾರಣ. ನಾಲ್ಕನೆಯ ಆಜ್ಞೆಯಲ್ಲಿ ಆಳೂ ದನವೂ ಸೇರಿವೆ. ಭಾನುವಾರ ಕೂಲಿಯಾಳನ್ನು ಹೊಲಕ್ಕೆ ಕಳುಹಿಸಿ ತಾವು ಆರಾಧನೆಗೆ ಬರುವ ಯಜಮಾನರು ಇದನ್ನು ಎರಡು ಸಾರಿ ಓದಲಿ.

ಬೋಧಕರಾದರೋ ಈ ಬಿಡುವನ್ನು ನಂಟರ ಮದುವೆಗಳಲ್ಲಿಯೂ ಕಮಿಟಿಗಳಲ್ಲಿಯೂ ಕಳೆಯಬಾರದು. ಕೆಲವು ಭಾನುವಾರ ಬೇರೆ ಸಭೆಯ ಹಿಂದಿನ ಸಾಲಿನಲ್ಲಿ ಕೂತು ಪ್ರಸಂಗ ಕೇಳಲಿ, ಸೆಮಿನರಿ ಬಿಟ್ಟಂದಿನಿಂದ ತೆರೆಯದ ಪುಸ್ತಕವನ್ನು ತೆರೆಯಲಿ, ಚೆನ್ನಾಗಿ ನಿದ್ರೆಮಾಡಲಿ. ಬಂದ ಅತಿಥಿಗಳಿಗೆಲ್ಲಾ ಅಡಿಗೆಮಾಡಿದ ಅಮ್ಮನವರನ್ನು ಒಲೆಯ ಮುಂದೆಯೇ ಬಿಟ್ಟರೆ ಅದು ಅರ್ಧ ಸಬ್ಬತ್ತು.

ಹಿರಿಯರು ಮುಂಚಿತವಾಗಿ ಕೂಡಿ ರೋಗಿಗಳನ್ನೂ ವಿಧವೆಯರನ್ನೂ ಯಾರು ಯಾರು ನೋಡಿಕೊಳ್ಳಬೇಕೆಂದು ಹಂಚಿಕೊಳ್ಳಲಿ. ಓದು ಬಲ್ಲ ಯೌವನಸ್ಥರು ಪಾಠ ಓದಲಿ, ತಾಯಂದಿರು ಮನೆಮನೆಯ ಪ್ರಾರ್ಥನೆ ನಡಿಸಲಿ. ಸಂಬಳವನ್ನು ತಡೆಯದೆ ತಿಂಗಳ ಮೊದಲಲ್ಲಿಯೇ ಸಲ್ಲಿಸಿರಿ. ಸಣ್ಣ ಜಗಳಕ್ಕೆ ಅವರಿದ್ದ ಊರಿಗೆ ಆಳು ಕಳುಹಿಸಬೇಡಿರಿ, ಫೋನನ್ನೂ ಮಾಡಬೇಡಿರಿ.