ಹದಿಹರೆಯದ ಮಕ್ಕಳಲ್ಲಿ ಮಾದಕ ವ್ಯಸನ: ತಂದೆತಾಯಿಗಳ ಹೊಣೆ

ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರವನ್ನು ಓದಿ ಎರಡು ದಶಕಗಳಿಂದ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಇರುವವನು. ಆದರೂ ನಮ್ಮ ಸಂಘದ ಸ್ಮರಣ ಸಂಚಿಕೆಗೆ ಈ ವಿಷಯವನ್ನು ಕುರಿತು ಬರೆಯಲು ಒಪ್ಪಿದುದಕ್ಕೆ ಕಾರಣವುಂಟು. ಮೂರು ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯಲ್ಲಿದ್ದ ನನ್ನ ಮಗನ ಶಾಲೆಯ ಚೀಲದಲ್ಲಿ ಸೈಕಲ್ ಪಂಕ್ಚರಿಗೆ ಬಳಸುವ ಸೊಲ್ಯೂಷನ್ನಿನ ಏಳು ಖಾಲಿ ಟ್ಯೂಬುಗಳು ಸಿಕ್ಕವು. ನಮ್ಮ ಮನೆಯಲ್ಲಿ ಸೈಕಲ್ಲೇ ಇಲ್ಲ. ಅನ್ಯರ ಖಾತೆಯಲ್ಲಿ ಒಂದು ರೂಪಾಯಿ ವ್ಯತ್ಯಾಸವಾದರೂ ರಾತ್ರಿಯವರೆಗೆ ಕುಳಿತು ಹುಡುಕುವ ನಾನು, ನನ್ನ ಮನೆಯೊಳಗೇ ಆರು ತಿಂಗಳಿನಿಂದ ಆಗುತ್ತಿದ್ದ ನಷ್ಟವನ್ನು ಕಂಡಿರಲಿಲ್ಲ. ಮಗನ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಮಕ್ಕಳೇ ಏಕೆ?

ಮುಂದಾಲೋಚನೆಯನ್ನೂ ಆತ್ಮಸಂಯಮವನ್ನೂ ನಿರ್ವಹಿಸುವ ಮಿದುಳಿನ ಮುಂಭಾಗವು ಸುಮಾರು 25 ವರ್ಷಗಳವರೆಗೆ ಬೆಳೆಯುತ್ತಲೇ ಇರುತ್ತದೆ. ಸುಖವನ್ನು ಬಯಸುವ ಭಾಗವಾದರೋ ಅದಕ್ಕಿಂತ ಮೊದಲೇ ಚುರುಕಾಗುತ್ತದೆ. ಆದುದರಿಂದ ಈ ವಯಸ್ಸಿನಲ್ಲಿ ಹತ್ತಿದ ಚಟ ಬೇಗ ಬೇರೂರುತ್ತದೆ. ಕೇಂದ್ರ ಸರ್ಕಾರವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮೂಸಿ ಸೇವಿಸುವ ದ್ರವ್ಯಗಳ ಬಳಕೆ ಮಾತ್ರ ವಯಸ್ಕರಿಗಿಂತ ಮಕ್ಕಳಲ್ಲಿ ಹೆಚ್ಚು: ವಯಸ್ಕರಲ್ಲಿ ನೂರಕ್ಕೆ 0.58, ಮಕ್ಕಳಲ್ಲಿ ನೂರಕ್ಕೆ 1.17. ಅಗ್ಗವಾಗಿ, ಯಾರ ಸಂಶಯಕ್ಕೂ ಎಡೆಗೊಡದೆ ಅಂಗಡಿಯಲ್ಲಿ ದೊರೆಯುವ ವಸ್ತುಗಳಿವು. ಆದರೆ ಇವುಗಳ ಆವಿಯು ಒಂದೇ ಸಲದ ಸೇವನೆಯಿಂದಲೂ ಹೃದಯದ ಬಡಿತವನ್ನು ಕೆಡಿಸಿ ಪ್ರಾಣಾಪಾಯ ತರಬಲ್ಲುದು.

ಮಹಾನಗರದ ನಮ್ಮ ಸಂಸಾರಗಳಿಗೆ ಇನ್ನೊಂದು ಕೊರತೆಯುಂಟು. ಊರಿನ ಮನೆಯಲ್ಲಾದರೆ ಅಜ್ಜಿಯೋ ಚಿಕ್ಕಪ್ಪನೋ ಇರುತ್ತಿದ್ದರು. ಇಲ್ಲಿ ನಾವಿಬ್ಬರೂ ಬೆಳಿಗ್ಗೆ ಲೋಕಲ್ ಗಾಡಿ ಹಿಡಿದರೆ ಮನೆ ಸೇರುವಾಗ ರಾತ್ರಿ ಎಂಟು. ಮಧ್ಯಾಹ್ನ ಎರಡರಿಂದ ಎಂಟರವರೆಗೆ ಬೀಗದ ಕೈ ಮಗನ ಕೊರಳಲ್ಲಿ.

ಗುರುತಿಸುವ ಬಗೆ

ಬಟ್ಟೆಯಲ್ಲಿ ಅಂಟಿನ ಅಥವಾ ಥಿನ್ನರಿನ ವಾಸನೆ, ಮೂಗು-ಬಾಯಿಗಳ ಸುತ್ತ ಹುಣ್ಣು, ಗಾಂಜಾದಿಂದ ಕೆಂಪೇರಿದ ಕಣ್ಣು, ಹೆರಾಯಿನ್‌ನಿಂದ ಸೂಜಿಮೊನೆಯಷ್ಟು ಕುಗ್ಗಿದ ಕಣ್ಣಿನ ಪಾಪೆ. ಇವು ದೇಹದ ಚಿಹ್ನೆಗಳು. ಹಣ ಕಾಣೆಯಾಗುವುದು, ಹಳೆಯ ಗೆಳೆಯರು ದೂರವಾಗುವುದು, ಅಂಕಗಳು ಇಳಿಯುವುದು, ಹಗಲು ನಿದ್ದೆ. ಇವು ನಡತೆಯ ಚಿಹ್ನೆಗಳು. ಇವುಗಳಲ್ಲಿ ಯಾವುದೊಂದೂ ತಾನಾಗಿ ಸಾಕ್ಷಿಯಲ್ಲ. ಹದಿಹರೆಯವೇ ಮುನಿಸಿನ ಕಾಲ. ಹಲವು ಚಿಹ್ನೆಗಳು ಕೂಡಿ ಬಂದಾಗ ಎಚ್ಚರಗೊಳ್ಳಬೇಕು. ನನ್ನ ಮಗನ ಖಾತೆಯಿಂದ ಒಂದೇ ಅಂಗಡಿಗೆ ದಿನಕ್ಕೆರಡು ಸಲ ಸಣ್ಣ ಮೊತ್ತ ಹೋಗುತ್ತಿತ್ತು. ಸಂದೇಶಗಳು ನನ್ನ ಫೋನಿಗೇ ಬರುತ್ತಿದ್ದವು. ನಾನು ಓದಿರಲಿಲ್ಲ.

ತಿಳಿದ ದಿನ ಮಾಡಬೇಕಾದುದು

ನಾನು ಮಾಡಬಾರದುದನ್ನೇ ಮಾಡಿದೆ: ಕೈಯೆತ್ತಿದೆ. "ಹೊಡೀಬೇಡಿ, ಮೊದಲು ಅವನು ಊಟ ಮಾಡಲಿ" ಎಂದು ನನ್ನಾಕೆ ಅಡ್ಡ ಬಂದಳು. ಆಕೆಯ ಮಾತೇ ಸರಿಯಾಗಿತ್ತು. ಅಮಲಿನಲ್ಲಿರುವ ಮಗುವಿನೊಡನೆ ವಾದಿಸಬಾರದು. ಮರುದಿನ, ಶಾಂತವಾಗಿ, ಏನು, ಎಂದಿನಿಂದ, ಎಷ್ಟು ಎಂದು ಕೇಳಬೇಕು. ಎರಡನೆಯ ತಪ್ಪು, ಊರಿನಲ್ಲಿರುವ ತಾಯಿಯ ಬಳಿಗೆ ಕಳುಹಿಸಿಬಿಡೋಣವೆಂದು ಯೋಚಿಸಿದುದು. ಸ್ಥಳ ಬದಲಾದರೆ ಅಂಗಡಿ ಬದಲಾಗುತ್ತದೆಯೇ ಹೊರತು ಚಟವಲ್ಲವೆಂದು ವೈದ್ಯರು ತಿಳಿಸಿದರು. ಕೋಣೆಯಲ್ಲಿ ಕೂಡಿಹಾಕುವುದೂ ಸಲ್ಲದು. ಮದ್ಯವನ್ನಾಗಲಿ ನಿದ್ರೆಯ ಮಾತ್ರೆಗಳನ್ನಾಗಲಿ ಬಹುಕಾಲ ಸೇವಿಸಿದವರು ಹಠಾತ್ತನೆ ನಿಲ್ಲಿಸಿದರೆ ಸೆಳವು ಬರಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಬಿಡಿಸಬೇಕು.

ಚಿಕಿತ್ಸೆ ಎಲ್ಲಿ?

ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲಿರುವ ಮನೋರೋಗ ವಿಭಾಗವೇ ಮೊದಲ ಮೆಟ್ಟಿಲು. ವ್ಯಸನಮುಕ್ತಿಗಾಗಿ 14446, ಮನಸ್ಸಿನ ತೊಂದರೆಗಾಗಿ 14416 ಎಂಬ ಶುಲ್ಕವಿಲ್ಲದ ದೂರವಾಣಿ ಸಂಖ್ಯೆಗಳಿವೆ. ಎರಡನೆಯದರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಹಿಂದಿ, ಮರಾಠಿ ಬಾರದ ತಾಯಂದಿರಿಗೆ ಇದೊಂದು ದೊಡ್ಡ ಆಸರೆ. ಚೆನ್ನೈಯಲ್ಲಿ 1980ರಲ್ಲಿ ಸ್ಥಾಪಿತವಾದ ಟಿ.ಟಿ. ರಂಗನಾಥನ್ ಪ್ರತಿಷ್ಠಾನ, ಮುಂಬಯಿಯಲ್ಲಿ 1981ರ ಕೃಪಾ, ಪುಣೆಯಲ್ಲಿ 1986ರ ಮುಕ್ತಾಂಗಣ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಈ ಕ್ಷೇತ್ರದಲ್ಲಿ ಹೆಸರಾದವು.

ಜಾಹೀರಾತನ್ನು ನಂಬಿ ಎಲ್ಲೆಂದರಲ್ಲಿ ಸೇರಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ, ಒಳರೋಗಿಯಾದ ಅಪ್ರಾಪ್ತ ವಯಸ್ಕರನ್ನು ವಯಸ್ಕರಿಂದ ಬೇರೆಯಾಗಿಯೇ ಇರಿಸಬೇಕು. ಪಾಲಕರಾಗಲಿ ನೇಮಿತ ಸಹಾಯಕರಾಗಲಿ ಜೊತೆಗಿರಬೇಕು. ಇದಕ್ಕೆ ಒಪ್ಪದ ಕೇಂದ್ರದ ಮೆಟ್ಟಿಲನ್ನು ಇಳಿದುಬಿಡುವುದೇ ಲೇಸು.

ಪೊಲೀಸರ ಭಯದಿಂದ ಚಿಕಿತ್ಸೆಯನ್ನು ಮುಂದೂಡುವವರೂ ಉಂಟು. 1985ರ ಮಾದಕ ದ್ರವ್ಯ ಕಾಯಿದೆಯ 64ಎ ವಿಧಿಯು, ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆಯುವ ವ್ಯಸನಿಗೆ, ಸೇವನೆಯ ಅಪರಾಧಕ್ಕಾಗಿ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಮಕ್ಕಳಿಗೆ ಮದ್ಯ, ತಂಬಾಕು, ಮಾದಕ ದ್ರವ್ಯಗಳನ್ನು ಕೊಡುವವರಿಗಾದರೋ 2015ರ ಬಾಲನ್ಯಾಯ ಕಾಯಿದೆಯಲ್ಲಿ ಏಳು ವರ್ಷಗಳವರೆಗೆ ಕಠಿಣ ಶಿಕ್ಷೆಯಿದೆ.

ಮೂಸುವ ದ್ರವ್ಯಗಳ ಚಟಕ್ಕೆಂದೇ ಪ್ರತ್ಯೇಕ ಔಷಧಿಯಿಲ್ಲ. ಆಪ್ತಸಲಹೆ, ದಿನಚರಿಯ ಬದಲಾವಣೆ, ಮನೆಯವರ ಸಹಕಾರ ಇವೇ ಚಿಕಿತ್ಸೆ. ನಾಲ್ಕು ತಿಂಗಳು ಚೆನ್ನಾಗಿದ್ದ ಮಗ ಒಮ್ಮೆ ಮತ್ತೆ ಜಾರಿದ. ಆಸ್ತಮಾ, ಮಧುಮೇಹಗಳಂತೆ ಇದೂ ಮರುಕಳಿಸಬಲ್ಲ ಕಾಯಿಲೆ, ಸೋಲಲ್ಲ ಎಂದು ವೈದ್ಯರು ಧೈರ್ಯ ಹೇಳಿದರು. ಅಂದು ಅವನು ತಾನಾಗಿಯೇ ಬಂದು ತಿಳಿಸಿದ್ದನೆಂಬುದೇ ನಮಗೆ ಸಮಾಧಾನ.

ತಡೆಯುವ ಬಗೆ

ಮಕ್ಕಳ ಗೆಳೆಯರ ಹೆಸರು ನಿಮಗೆ ಗೊತ್ತಿರಲಿ. ದಿನಕ್ಕೊಂದು ಊಟವಾದರೂ ಎಲ್ಲರೂ ಕೂಡಿ, ಫೋನನ್ನು ಬದಿಗಿಟ್ಟು ಆಗಲಿ. ಸಂಜೆಯ ಖಾಲಿ ಹೊತ್ತಿಗೆ ಆಟವೋ ಸಂಗೀತವೋ ನೆರೆಮನೆಯ ಹಿರಿಯರ ಜೊತೆಯೋ ಇರಲಿ. "ಒಬ್ಬ ಗೆಳೆಯ ಕೊಟ್ಟರೆ ಏನೆನ್ನುವೆ?" ಎಂದು ಮೊದಲೇ ಕೇಳಿ, ಬೇಡವೆನ್ನುವುದನ್ನು ಅಭ್ಯಾಸ ಮಾಡಿಸಿ. ತಂದೆಯೇ ಸಿಗರೇಟು ಸೇದುತ್ತ ನೀಡುವ ಉಪದೇಶಕ್ಕೆ ಬೆಲೆಯಿಲ್ಲ. ನಾನು ನನ್ನದನ್ನು ಬಿಟ್ಟುದು ಆ ವಾರವೇ.

ಮಗ ಈಗ ಹನ್ನೆರಡನೆಯ ತರಗತಿಯಲ್ಲಿದ್ದಾನೆ. ಪೂರ್ಣ ಗುಣವಾಯಿತೆಂದು ನಾನು ಬರೆಯಲಾರೆ. ಎರಡು ವರ್ಷಗಳಿಂದ ಮುಟ್ಟಿಲ್ಲವೆಂದು ಮಾತ್ರ ಬರೆಯಬಲ್ಲೆ. "ಊರಿನಲ್ಲಿ ತಿಳಿದರೆ ಏನೆಂದಾರು?" ಎಂಬ ಒಂದೇ ಅಳುಕಿನಿಂದ ನಾವು ಮೂರು ವಾರಗಳನ್ನು ಕಳೆದುಕೊಂಡೆವು. ಅದೇ ಅಳುಕಿನಲ್ಲಿರುವ ಸಂಸಾರ ನಮ್ಮ ಸಂಘದಲ್ಲಿ ಇನ್ನೊಂದಿದ್ದರೆ, ಮುಂದಿನ ಮಾಸಿಕ ಸಭೆಯ ಬಳಿಕ ನಮ್ಮನ್ನು ಕಂಡು ಮಾತನಾಡಲಿ. ಆಸ್ಪತ್ರೆಗೆ ಜೊತೆಯಲ್ಲಿ ಬರಲು ನಾವಿಬ್ಬರೂ ಸಿದ್ಧರಿದ್ದೇವೆ.