ಸೂತ್ರ ಹಾಕುವ ಮುಂಚೆ ಫ್ಲಾಸ್ಕಿನೊಳಗೆ ಇಣುಕಿ

10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಬಿ.ಎಸ್ಸಿ. ಮೊದಲ ವರ್ಷದ ಯಾವ ತರಗತಿಯಲ್ಲಿ ಕೇಳಿದರೂ ಉತ್ತರ ಥಟ್ಟನೆ ಬರುತ್ತದೆ: ‘ಎಂಟು, ಮೇಡಂ.’ ಸೂತ್ರಕ್ಕೆ ಹಾಕಿದರೆ ಎಂಟೇ ಬರುತ್ತದೆ, ನಿಜ. ಆದರೆ ಒಂದು ಗಳಿಗೆ ನಿಲ್ಲಿ ಮಕ್ಕಳೇ. ಪಿಎಚ್ ಎಂಟಾದರೆ ಆ ದ್ರಾವಣ ಪ್ರತ್ಯಾಮ್ಲ. ಶುದ್ಧ ನೀರಿಗೆ ಆಮ್ಲ ಬೆರೆಸಿ ಪ್ರತ್ಯಾಮ್ಲ ಮಾಡಿದ ಪುಣ್ಯಾತ್ಮರು ಈ ಲೋಕದಲ್ಲಿ ಇನ್ನೂ ಹುಟ್ಟಿಲ್ಲ.

ಆದದ್ದೇನು? ನಿಮ್ಮ ಲೆಕ್ಕದಲ್ಲಿ ಆಮ್ಲ ಇತ್ತು, ನೀರು ಇರಲಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ತನ್ನಷ್ಟಕ್ಕೆ ತಾನೇ ಲೀಟರಿಗೆ 10⁻⁷ ಮೋಲ್ ಹೈಡ್ರೋಜನ್ ಅಯಾನುಗಳನ್ನು ಕೊಡುತ್ತದೆ. ನೀವು ಹಾಕಿದ ಆಮ್ಲದ ಪಾಲು ಅದರ ಹತ್ತರಲ್ಲೊಂದು. ಮನೆಯವರನ್ನೇ ಬಿಟ್ಟು ಬಂದ ನೆಂಟರನ್ನಷ್ಟೇ ಎಣಿಸಿದ ಹಾಗಾಯಿತು. ಎರಡೂ ಪಾಲನ್ನು ಕೂಡಿಸಿ, ಆಮ್ಲ ಬಿದ್ದಾಗ ನೀರು ಅಯಾನಾಗುವುದು ತುಸು ಹಿಂಜರಿಯುತ್ತದೆ ಎಂಬುದನ್ನೂ ಗಣನೆಗೆ ತಂದರೆ ಪಿಎಚ್ 6.98 ಬರುತ್ತದೆ. ಏಳಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಅಷ್ಟೊಂದು ತೆಳುವಾದ ಆಮ್ಲದಿಂದ ಅದಕ್ಕಿಂತ ಹೆಚ್ಚೇನು ನಿರೀಕ್ಷಿಸುತ್ತೀರಿ?

ಬದುಕೆಲ್ಲ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು ನಾನು. ಮೊದಲ ವರ್ಷದವರ ಪ್ರಶ್ನೆಗಳು ವರ್ಷ ವರ್ಷವೂ ಅವೇ. ಕೇಳುವ ಮುಖಗಳು ಮಾತ್ರ ಬೇರೆ. ಅವುಗಳಲ್ಲಿ ಮುಕ್ಕಾಲು ಪಾಲಿಗೆ ನನ್ನ ಹತ್ತಿರ ಇರುವುದು ಒಂದೇ ಮದ್ದು: ಸೂತ್ರ ಬರೆಯುವ ಮುಂಚೆ ಫ್ಲಾಸ್ಕಿನೊಳಗೆ ಏನೇನಿದೆ, ಎಷ್ಟೆಷ್ಟಿದೆ ಎಂದು ಕಣ್ಣ ಮುಂದೆ ತಂದುಕೊಳ್ಳಿ.

‘ಮೋಲ್ ಅಂದರೆ ಏನು ಮೇಡಂ?’ ಇದನ್ನು ಮಾತ್ರ ಯಾರೂ ತರಗತಿಯಲ್ಲಿ ಕೇಳುವುದಿಲ್ಲ. ಪಾಠ ಮುಗಿದು ಎಲ್ಲರೂ ಹೋದ ಮೇಲೆ ಕಾರಿಡಾರಿನಲ್ಲಿ ಹಿಂದೆ ಬಂದು, ತಗ್ಗಿದ ದನಿಯಲ್ಲಿ ಕೇಳುತ್ತೀರಿ. ಪಿಯುಸಿಯಲ್ಲೇ ಗೊತ್ತಿರಬೇಕಿತ್ತಲ್ಲ ಎಂಬ ನಾಚಿಕೆ. ನಾಚಿಕೆ ಬೇಡ. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ ಎಂದು ಇಟಲಿಯ ಅವೊಗಾಡ್ರೊ ಹೇಳಿದ್ದು 1811ರಲ್ಲಿ. ದೊಡ್ಡ ದೊಡ್ಡ ಪಂಡಿತರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸೇರಿದ ರಸಾಯನಶಾಸ್ತ್ರಜ್ಞರ ಮುಂದೆ ಅವರ ದೇಶದವರೇ ಆದ ಕಾನಿಜಾರೊ ಆ ಮಾತನ್ನು ಎತ್ತಿ ಹಿಡಿದ ಮೇಲೆಯೇ ಅದಕ್ಕೆ ಬೆಲೆ ಬಂದದ್ದು. ಅಷ್ಟು ಹೊತ್ತಿಗೆ ಅವೊಗಾಡ್ರೊ ತೀರಿಕೊಂಡು ನಾಲ್ಕು ವರ್ಷ. ತಮ್ಮ ಹೆಸರಿನ ಸಂಖ್ಯೆ ಎಷ್ಟು ಎಂಬುದು ಅವರಿಗೆ ಕೊನೆಗೂ ತಿಳಿಯಲಿಲ್ಲ; ಆ ಹೆಸರಿಟ್ಟವರು ಫ್ರಾನ್ಸಿನ ಪೆರಾಂ, 1909ರಲ್ಲಿ. ವಿದ್ವಾಂಸರಿಗೇ ಅರ್ಧ ಶತಮಾನ ಹಿಡಿದ ವಿಷಯ ನಿಮಗೆ ಒಂದು ಸೆಮಿಸ್ಟರಿನಲ್ಲಿ ಗಂಟಲಲ್ಲಿ ಇಳಿಯದಿದ್ದರೆ ಆಕಾಶ ಬೀಳುವುದಿಲ್ಲ.

ಮೋಲ್ ಎಂಬುದು ಎಣಿಕೆ. 2019ರ ಮೇ 20ರಿಂದ ಅದು 6.02214076 × 10²³ ಎಂದು ನಿಗದಿಯಾಗಿದೆ. 12 ಗ್ರಾಂ ಕಾರ್ಬನ್-12 ಎಂಬ ಹಳೆಯ ವ್ಯಾಖ್ಯೆ ಇನ್ನೂ ಕೆಲವು ಗೈಡುಗಳಲ್ಲಿ ಕೂತಿದೆ, ನೋಡಿಕೊಳ್ಳಿ. ಆದರೆ ಸಂಖ್ಯೆ ಬಾಯಿಪಾಠ ಮಾಡಿದ ಮಾತ್ರಕ್ಕೆ ಮೋಲ್ ಅರ್ಥವಾಗದು. ಲ್ಯಾಬಿನಲ್ಲಿ 18 ಮಿಲಿಲೀಟರ್ ನೀರು ಅಳೆದು ಬೀಕರಿಗೆ ಸುರಿಯಿರಿ. ಮೂರೂವರೆ ಟೀ ಚಮಚದಷ್ಟು. ಪಕ್ಕದಲ್ಲಿ 58.5 ಗ್ರಾಂ ಅಡುಗೆ ಉಪ್ಪು ತೂಗಿ ಇಡಿ. ಇದೂ ಒಂದು ಮೋಲ್, ಅದೂ ಒಂದು ಮೋಲ್. ತೂಕ ಬೇರೆ, ಗಾತ್ರ ಬೇರೆ, ಎಣಿಕೆ ಒಂದೇ. ನನ್ನ ಕೈಲಿ ಸಿಲಬಸ್ ಇದ್ದಿದ್ದರೆ ಆರ್ಬಿಟಲ್‌ಗಳ ಚಿತ್ರ ತೋರಿಸುವ ಮುಂಚೆ ಎಲ್ಲರಿಂದಲೂ ಇದನ್ನು ಮಾಡಿಸುತ್ತಿದ್ದೆ.

ಎಣಿಕೆ ಎಂಬುದು ಮನಸ್ಸಿಗೆ ಹತ್ತಿದರೆ ಲಿಮಿಟಿಂಗ್ ರಿಯೇಜೆಂಟ್ ತಾನಾಗಿ ಬಿಡಿಸಿಕೊಳ್ಳುತ್ತದೆ. 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್ ಸೇರಿ ನೀರಾಗಬೇಕು. ಯಾವುದು ಮೊದಲು ಮುಗಿಯುತ್ತದೆ? ‘ಹೈಡ್ರೋಜನ್ನೇ ಕಡಿಮೆ ಇರೋದು, ಅದೇ’ ಎನ್ನುತ್ತೀರಿ. ಎಣಿಸಿ ನೋಡಿ. ಹೈಡ್ರೋಜನ್ 5 ಮೋಲ್, ಆಕ್ಸಿಜನ್ ಬರೀ 2 ಮೋಲ್. ಐದು ಮೋಲ್ ಹೈಡ್ರೋಜನ್ನಿಗೆ ಎರಡೂವರೆ ಮೋಲ್ ಆಕ್ಸಿಜನ್ ಬೇಕಿತ್ತು. ತೂಕದಲ್ಲಿ ಆರು ಪಟ್ಟಿಗೂ ಹೆಚ್ಚಿರುವ ಆಕ್ಸಿಜನ್ನೇ ಮೊದಲು ಖಾಲಿ! ನೀರು 72 ಗ್ರಾಂ ಬರುತ್ತದೆ, ಹೈಡ್ರೋಜನ್ 2 ಗ್ರಾಂ ಉಳಿಯುತ್ತದೆ. ಕೂಡಿಸಿದರೆ 74. ಆರಂಭದಲ್ಲಿ ಇದ್ದದ್ದೂ ಅಷ್ಟೇ. ಹೀಗೆ ತಾಳೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಗೈಡಿನ ಕೊನೆಯ ಪುಟ ತಿರುವಿ ಉತ್ತರ ನೋಡುವ ಅವಸರ ಇರುವುದಿಲ್ಲ.

ಇನ್ನೊಂದು ಗೊಂದಲ, ಪ್ರಬಲ ಆಮ್ಲಕ್ಕೂ ಸಾಂದ್ರ ಆಮ್ಲಕ್ಕೂ ಇರುವ ವ್ಯತ್ಯಾಸ. ಸಾಂದ್ರತೆ ನೀವು ಎಷ್ಟು ಹಾಕಿದಿರಿ ಎಂಬುದರ ಮೇಲೆ. ಪ್ರಬಲತೆ ಹಾಕಿದ್ದರಲ್ಲಿ ಎಷ್ಟು ಅಯಾನಾಯಿತು ಎಂಬುದರ ಮೇಲೆ. ಇದನ್ನು ಎಲ್ಲರೂ ಬರೆಯುತ್ತೀರಿ. ಆಮೇಲೆ ನಾನು ಕೇಳುತ್ತೇನೆ: 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 25 ಮಿಲಿಲೀಟರ್, ಅಷ್ಟೇ ಸಾಂದ್ರತೆಯ ಅಸಿಟಿಕ್ ಆಮ್ಲ 25 ಮಿಲಿಲೀಟರ್. ಯಾವುದಕ್ಕೆ ಹೆಚ್ಚು ಸೋಡಿಯಂ ಹೈಡ್ರಾಕ್ಸೈಡ್ ಬೇಕು? ಮೊದಲನೆಯದರ ಪಿಎಚ್ 1, ಎರಡನೆಯದರದ್ದು ಸುಮಾರು 2.9. ಅಸಿಟಿಕ್ ಆಮ್ಲದ ನೂರು ಅಣುಗಳಲ್ಲಿ ಅಯಾನಾಗಿರುವುದು ಒಂದೋ ಎರಡೋ. ಹಾಗಾಗಿ ‘ಅದಕ್ಕೆ ಕಡಿಮೆ ಸಾಕು’ ಎಂದು ಹಿಂದಿನ ಬೆಂಚು ಕೂಗುತ್ತದೆ. ಸಾಲದು, ಎರಡಕ್ಕೂ ಒಂದೇ ಅಳತೆ ಬೇಕು. ಹೊರಬಂದ ಹೈಡ್ರೋಜನ್ ಅಯಾನುಗಳನ್ನು ನೀವು ತೆಗೆದಂತೆಲ್ಲ, ಒಡೆಯದೆ ಕೂತಿದ್ದ ಅಣುಗಳು ಮತ್ತಷ್ಟು ಬಿಟ್ಟುಕೊಡುತ್ತಾ ಹೋಗುತ್ತವೆ. ಪಿಎಚ್ ಹೇಳುವುದು ಈ ಗಳಿಗೆಯಲ್ಲಿ ಹೊರಗೆ ಇರುವುದನ್ನು; ಟೈಟ್ರೇಷನ್ ಎಣಿಸುವುದು ಒಳಗೆ ಅಡಗಿರುವುದನ್ನೂ ಸೇರಿಸಿ.

ಬಂಧ ಮುರಿದರೆ ಶಕ್ತಿ ಹೊರಬರುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ! ನೀಟ್ ತಯಾರಿಯಲ್ಲಿ ಎಟಿಪಿ ಓದಿದವರಿಗೆ ಇದು ಇನ್ನೂ ಗಟ್ಟಿ. ಬಂಧ ಮುರಿಯಲು ಶಕ್ತಿ ಹಾಕಬೇಕು, ಯಾವಾಗಲೂ. ಹೊರಬರುವುದು ಹೊಸ ಬಂಧ ಕೂಡುವಾಗ. ನಂಬಿಕೆ ಬಾರದಿದ್ದರೆ ಮತ್ತೆ ನೀರಿನ ಲೆಕ್ಕಕ್ಕೇ ಬನ್ನಿ. ಎರಡು ಮೋಲ್ ಹೈಡ್ರೋಜನ್ನಿನ ಬಂಧ ಮುರಿಯಲು ತಲಾ 436 ಕಿಲೋಜೂಲ್, ಒಂದು ಮೋಲ್ ಆಕ್ಸಿಜನ್ನಿಗೆ 498. ಒಟ್ಟು 1370 ಖರ್ಚು. ಆಕ್ಸಿಜನ್ ಮತ್ತು ಹೈಡ್ರೋಜನ್ ನಡುವೆ ನಾಲ್ಕು ಮೋಲ್ ಹೊಸ ಬಂಧ, ತಲಾ ಸುಮಾರು 463ರಂತೆ 1852 ಆದಾಯ. ಉಳಿದದ್ದು 482. ಒಂದು ಮೋಲ್ ನೀರಾವಿಗೆ 241. ನಿಮ್ಮ ಪುಸ್ತಕದ ಟೇಬಲ್ ತೆರೆದರೆ 242 ಎಂದಿರುತ್ತದೆ. ಎಟಿಪಿಯ ಕಥೆಯೂ ಇದೇ. ಫಾಸ್ಫೇಟ್ ಕಳಚಿಕೊಳ್ಳುವುದನ್ನು ಮಾತ್ರ ನೋಡಿ, ನೀರಿನೊಂದಿಗೆ ಕೂಡಿಕೊಂಡದ್ದನ್ನು ಬಿಟ್ಟಿದ್ದೀರಿ.

‘4ಎಸ್ ಮೊದಲು ತುಂಬುತ್ತದೆ ಅಂದಿರಿ, ಕಬ್ಬಿಣ ಅಯಾನಾಗುವಾಗ ಮೊದಲು ಖಾಲಿಯಾಗುವುದೂ ಅದೇ ಅಂತೀರಿ, ಇದ್ಯಾವ ನ್ಯಾಯ?’ ಒಳ್ಳೆಯ ಪ್ರಶ್ನೆ. ತುಂಬುವ ಕ್ರಮ ಹೇಳುವಾಗ ನಾವು ಒಂದು ಧಾತುವಿನಿಂದ ಮುಂದಿನ ಧಾತುವಿಗೆ ಹೋಗುತ್ತಿರುತ್ತೇವೆ. ಎಲೆಕ್ಟ್ರಾನಿನ ಜೊತೆಗೆ ಪ್ರತಿ ಸಲವೂ ಬೀಜದಲ್ಲಿ ಒಂದು ಪ್ರೋಟಾನು ಹೆಚ್ಚುತ್ತದೆ. ಕಿತ್ತು ತೆಗೆಯುವಾಗ ಬೀಜ ಬದಲಾಗುವುದಿಲ್ಲ, 26 ಪ್ರೋಟಾನುಗಳೂ ಅಲ್ಲೇ ಇರುತ್ತವೆ. ಅಷ್ಟು ಸೆಳೆತಕ್ಕೆ 3ಡಿ ಒಳಕ್ಕೆ ಜಗ್ಗಿಕೊಂಡಿರುತ್ತದೆ, 4ಎಸ್ ಹೊರಗಿರುತ್ತದೆ. ಎರಡೂ ಬೇರೆ ಬೇರೆ ಕೆಲಸ. ಒಂದನ್ನು ಹಿಂದುಮುಂದು ಮಾಡಿದರೆ ಇನ್ನೊಂದು ಆಗುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಇಂಗ್ಲಿಷಿನ ಭಯಕ್ಕೆ ಪ್ರಶ್ನೆಯನ್ನು ನುಂಗಿಕೊಳ್ಳಬೇಡಿ. ಕನ್ನಡದಲ್ಲೇ ಕೇಳಿ, ಕಚ್ಚಾ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ, ಪರೀಕ್ಷೆಯ ಹೊತ್ತಿಗೆ ಇಂಗ್ಲಿಷಿಗೆ ದಾಟಿಸಿದರಾಯಿತು. ಮೈಸೂರಿನ ಜೆ.ಆರ್. ಲಕ್ಷ್ಮಣರಾವ್ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದುಕೊಂಡೇ ಕನ್ನಡದಲ್ಲಿ ವಿಜ್ಞಾನ ಬರೆದರು. ಕನ್ನಡದಲ್ಲಿ ಯೋಚಿಸಿದರೆ ಅಣು ಮುನಿಸಿಕೊಳ್ಳುವುದಿಲ್ಲ.

ಇನ್ನು ಲ್ಯಾಬು. ಆಕ್ಸಾಲಿಕ್ ಆಮ್ಲಕ್ಕೆ ಪರ್ಮ್ಯಾಂಗನೇಟ್ ಟೈಟ್ರೇಷನ್ ಮಾಡುವಾಗ ಸಲ್ಫ್ಯೂರಿಕ್ ಆಮ್ಲವನ್ನೇ ಯಾಕೆ ಹಾಕುತ್ತೀರಿ ಎಂದು ವೈವಾದಲ್ಲಿ ಕೇಳಿದರೆ ‘ಪ್ರೊಸೀಜರ್‌ನಲ್ಲಿ ಹಾಗಿದೆ’ ಎನ್ನಬೇಡಿ. ಹೈಡ್ರೋಕ್ಲೋರಿಕ್ ಹಾಕಿದರೆ ಪರ್ಮ್ಯಾಂಗನೇಟ್ ಅದರ ಕ್ಲೋರೈಡಿನ ಮೇಲೂ ಖರ್ಚಾಗುತ್ತದೆ, ರೀಡಿಂಗ್ ಏರುತ್ತದೆ. ನೈಟ್ರಿಕ್ ಹಾಕಿದರೆ ಅದೇ ಉತ್ಕರ್ಷಣೆಗೆ ಇಳಿಯುತ್ತದೆ, ರೀಡಿಂಗ್ ತಗ್ಗುತ್ತದೆ. ಆಮ್ಲ ಸಾಲದಿದ್ದರೆ ಕಂದು ಗಸಿ ಕಾಣಿಸುತ್ತದೆ, ಅದು ಮ್ಯಾಂಗನೀಸ್ ಡೈಆಕ್ಸೈಡ್. ಸುಮಾರು 60 ಡಿಗ್ರಿಗೆ ಬಿಸಿ ಮಾಡಿದರೂ ಮೊದಲ ಹನಿಯ ಬಣ್ಣ ತಕ್ಷಣ ಹೋಗುವುದಿಲ್ಲ. ಗಾಬರಿಯಾಗಿ ಅದನ್ನೇ ಎಂಡ್ ಪಾಯಿಂಟ್ ಎಂದು ಬರೆದುಕೊಳ್ಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಕ್ರಿಯೆಯಿಂದ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಅದಕ್ಕೆ ಕ್ರಿಯಾವರ್ಧಕ. ಅವು ನಾಲ್ಕಾರು ಹುಟ್ಟುವ ತನಕ ಕಾಯಬೇಕು, ಆಮೇಲೆ ಹನಿ ಬಿದ್ದದ್ದೇ ತಡ ಬಣ್ಣ ಮಾಯ. ದಟ್ಟ ಬಣ್ಣದ ದ್ರಾವಣವಾದ್ದರಿಂದ ಬ್ಯೂರೆಟ್ಟಿನಲ್ಲಿ ಮೇಲಂಚನ್ನು ಓದಿ, ತುಂಬಿದ ಮೇಲೆ ಫನಲ್ ತೆಗೆದಿಡಿ. ಒಂದು ಹನಿಯೇ ಸುಮಾರು 0.05 ಮಿಲಿಲೀಟರ್ ಇರುವಾಗ ಕ್ಯಾಲ್ಕ್ಯುಲೇಟರ್ ಕೊಟ್ಟ ಒಂಬತ್ತು ದಶಾಂಶಗಳನ್ನು ರೆಕಾರ್ಡಿನಲ್ಲಿ ಬರೆಯುವುದು ಹಾಸ್ಯಾಸ್ಪದ.

‘ಕೋನಿಕಲ್ ಫ್ಲಾಸ್ಕ್ ಒದ್ದೆ ಇದೆ ಮೇಡಂ, ಪರವಾಗಿಲ್ವಾ?’ ಡಿಸ್ಟಿಲ್ಡ್ ನೀರಿನದಾದರೆ ಏನೂ ಪರವಾಗಿಲ್ಲ. ಪಿಪೆಟ್ಟಿನಿಂದ ಇಳಿದ ಆಮ್ಲದ ಮೋಲ್‌ಗಳು ಇಳಿದಷ್ಟೇ. ನೀರು ಅವುಗಳನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ. ಆದರೆ ಅದೇ ಫ್ಲಾಸ್ಕನ್ನು ಆಮ್ಲದಿಂದ ತೊಳೆದರೆ ಲೆಕ್ಕಕ್ಕೆ ಸಿಗದ ಮೋಲ್‌ಗಳು ಒಳಗೆ ಉಳಿದವು. ಪಿಪೆಟ್ಟು, ಬ್ಯೂರೆಟ್ಟುಗಳದ್ದು ಇದಕ್ಕೆ ತದ್ವಿರುದ್ಧ: ಅಲ್ಲಿ ಉಳಿದ ನೀರು ದ್ರಾವಣವನ್ನು ತೆಳುವಾಗಿಸುತ್ತದೆ, ಹಾಗಾಗಿ ನೀರಿನಿಂದ ತೊಳೆದ ಮೇಲೆ ಅವುಗಳಿಗೆ ಹಾಕಲಿರುವ ದ್ರಾವಣದಿಂದಲೇ ಇನ್ನೊಮ್ಮೆ ತೊಳೆಯಿರಿ.