ಬ್ಲೂಟೂತ್ ಸ್ಕ್ಯಾನ್ ತಿದ್ದುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಇಎಸ್‌ಪಿ32 ಬೋರ್ಡ್ ಇಟ್ಟು, ಹೋಮ್ ಅಸಿಸ್ಟೆಂಟ್‌ನಲ್ಲಿ ಮನೆಯವರ ಹಾಜರಿ ಹಿಡಿಯುವವರಿಗೆ ಈ ಸೂಚನೆ. ಸ್ಕ್ಯಾನ್‌ನ ಅಂಕಿ ತಪ್ಪಿದರೆ, ಜನ ಒಳಗಿದ್ದಾಗಲೇ ಮನೆ ಖಾಲಿ ಎಂದು ದಾಖಲಾಗಿ ದೀಪ, ಫ್ಯಾನ್ ಆರುತ್ತವೆ. ಯಾರೂ ಇಲ್ಲದಾಗ ಇದ್ದಾರೆ ಎಂದು ದಾಖಲಾಗಿ ಗೀಸರ್ ಕಾಯುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ.

ಮಾಡಬೇಕಾದ್ದು

• ಈಗ ಸರಿಯಾಗಿ ನಡೆಯುತ್ತಿರುವ ಸೆಟ್ಟಿಂಗ್ ಫೈಲ್‌ನ ಪ್ರತಿ ತೆಗೆದಿಡಿ.

• ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ. ಒಂದು ಹಗಲು, ಒಂದು ರಾತ್ರಿ ಕಳೆಯುವವರೆಗೆ ಇನ್ನೊಂದನ್ನು ಮುಟ್ಟದಿರಿ.

• ಇಂಟರ್ವಲ್, ವಿಂಡೋ ಎರಡನ್ನೂ ಬೇರೆಬೇರೆಯಾಗಿ ತಿಳಿದುಕೊಳ್ಳಿ. ಒಂದು ಸ್ಕ್ಯಾನ್ ಶುರುವಾದಾಗಿನಿಂದ ಮುಂದಿನದು ಶುರುವಾಗುವವರೆಗಿನ ಹೊತ್ತು ಇಂಟರ್ವಲ್. ಅದರೊಳಗೆ ಬೋರ್ಡ್ ನಿಜಕ್ಕೂ ಕಿವಿಗೊಡುವ ಹೊತ್ತು ವಿಂಡೋ. ಬೋರ್ಡ್ ನಡೆಸುವ ಇಎಸ್‌ಪಿಹೋಮ್ ತಂತ್ರಾಂಶ ತಾನಾಗಿ ಇಟ್ಟುಕೊಳ್ಳುವುದು 320 ಮಿಲಿಸೆಕೆಂಡಿಗೆ 30. ಹತ್ತರಲ್ಲಿ ಒಂದು ಪಾಲೂ ಅಲ್ಲ.

• ಫೋನ್ ಆಗಾಗ ಕಾಣೆಯಾಗುತ್ತಿದ್ದರೆ ವಿಂಡೋ ಏರಿಸಿ. 60, ಆಮೇಲೆ 100, ಆಮೇಲೆ 150.

• ಪ್ರತಿ ಏರಿಕೆಯ ನಂತರ ಲಾಗ್ ತೆರೆದು ವೈಫೈ ಕಡಿದಿದೆಯೇ ನೋಡಿ. ಬೋರ್ಡ್‌ನಲ್ಲಿರುವುದು 2.4 ಗಿಗಾಹರ್ಟ್ಸ್‌ನ ಒಂದೇ ರೇಡಿಯೋ. ಬ್ಲೂಟೂತ್‌ಗೆ ಕೊಟ್ಟ ಹೊತ್ತು ವೈಫೈಗೆ ಸಿಗುವುದಿಲ್ಲ.

• ಬೋರ್ಡನ್ನು ರೂಟರ್‌ನಿಂದ ಕನಿಷ್ಠ 3 ಮೀಟರ್ ದೂರ ಇಡಿ.

• ಯುಎಸ್‌ಬಿ ಬ್ಲೂಟೂತ್ ಡಾಂಗಲ್ ಇದ್ದರೆ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ. ಯುಎಸ್‌ಬಿ 3 ಪೋರ್ಟ್‌ನ ಗದ್ದಲ ಬ್ಲೂಟೂತ್‌ನ ತರಂಗಾಂತರದಲ್ಲೇ ಇರುತ್ತದೆ.

• ಐಫೋನ್‌ಗೆ ಐಆರ್‌ಕೆ ಕೀ (ವಿಳಾಸ ಬದಲಾದರೂ ಅದೇ ಫೋನ್ ಎಂದು ಗುರುತಿಸುವ ಗುಪ್ತ ಕೀ) ದಾಖಲಿಸಿ. ಅದರ ಬ್ಲೂಟೂತ್ ವಿಳಾಸ ಸುಮಾರು 15 ನಿಮಿಷಕ್ಕೊಮ್ಮೆ ಬದಲಾಗುತ್ತದೆ; ವಿಳಾಸ ಬರೆದಿಟ್ಟು ಕಾದವರು ಕಾಯುತ್ತಲೇ ಇದ್ದಾರೆ.

• ಪ್ರತಿ ಫೋನಿನ ಸಿಗ್ನಲ್ ಬಲವನ್ನು 1 ಮೀಟರ್ ದೂರದಲ್ಲಿ ಅಳೆದು ಬರೆದುಕೊಳ್ಳಿ.

• 'ಹೊರಗೆ ಹೋದರು' ಎಂದು ತೀರ್ಮಾನಿಸುವ ಕಾಲಾವಕಾಶವನ್ನು ನಿಮಿಷಗಳಲ್ಲಿಡಿ, ಸೆಕೆಂಡುಗಳಲ್ಲಲ್ಲ. ಕಾಂಕ್ರೀಟ್ ಗೋಡೆ, ದಿಂಬಿನಡಿಯ ಫೋನ್, ಅಡ್ಡ ನಿಂತ ಮೈ ಎಲ್ಲವೂ ಸಿಗ್ನಲ್ ನುಂಗುತ್ತವೆ.

• ಕರೆಂಟ್ ಬಂದ ಮೊದಲ ಐದು ನಿಮಿಷ ಯಾವ ಆಟೊಮೇಷನ್ನೂ ನಡೆಯದಂತೆ ತಡೆಯಿರಿ.

• ಗೋಡೆಯ ಸ್ವಿಚ್ ಕೈಯಿಂದ ಒತ್ತಿದರೂ ಕೆಲಸ ಮಾಡುವಂತೆ ಉಳಿಸಿಕೊಳ್ಳಿ.

ಮಾಡಬಾರದ್ದು

• ಬ್ಲೂಟೂತ್ ಹಾಜರಿಯೊಂದನ್ನೇ ನಂಬಿ ಬೀಗ ತೆರೆಯುವಂತೆ ಮಾಡಬಾರದು. ಹಾಜರಿ ಹಿಡಿಯಲು ಬಳಸುವ ಐಬೀಕನ್ ಎಂಬ ಬ್ಲೂಟೂತ್ ಸಂಕೇತ ತನ್ನ ಗುರುತನ್ನು ಬಹಿರಂಗವಾಗಿ ಕೂಗುತ್ತದೆ. ಗೇಟಿನ ಬಳಿ ನಿಂತವನು ಅದನ್ನು ಹಿಡಿದು, ನೀವು ಊರಿಗೆ ಹೋದ ದಿನ ಹಾಗೆಯೇ ಮತ್ತೆ ಕೂಗಿಸಬಹುದು. ದೀಪಕ್ಕೆ ಊಹೆ ಸಾಕು. ಬೀಗಕ್ಕೆ ಸಾಲದು.

• ಗೀಸರ್, ಹೀಟರ್, ಇಸ್ತ್ರಿಪೆಟ್ಟಿಗೆಯನ್ನು ಹಾಜರಿ ನೋಡಿ ಆನ್ ಮಾಡಿಸುವುದು ಬೇಡ.

• ವೈಫೈ ಬೋರ್ಡ್‌ನಲ್ಲಿ ವಿಂಡೋವನ್ನು ಇಂಟರ್ವಲ್‌ನಷ್ಟೇ ಇಡುವುದು ಬೇಡ. ಬೋರ್ಡ್ ನೆಟ್‌ವರ್ಕ್‌ನಿಂದ ಕಳಚಿಕೊಳ್ಳಬಹುದು, ಆ ಕೋಣೆಯವರೆಲ್ಲ 'ಇಲ್ಲ' ಆಗಿಬಿಡಬಹುದು. ಈಥರ್ನೆಟ್ ಕೇಬಲ್ ಇರುವ ಬೋರ್ಡ್‌ಗೆ ಮಾತ್ರ ಈ ಧಾರಾಳ.

• ಬರೀ ಫೋನ್ ಹಿಡಿಯುವುದಕ್ಕೆ ಆ್ಯಕ್ಟಿವ್ ಸ್ಕ್ಯಾನ್ ಬೇಡ. ಅದು ಸುತ್ತಲಿನ ಸೆನ್ಸರ್‌ಗಳನ್ನೂ ಮಾತಾಡಿಸಿ ಅವುಗಳ ಬ್ಯಾಟರಿ ತಿನ್ನುತ್ತದೆ.

• ಪರದೆಯಲ್ಲಿ ಕಾಣುವ ದೂರದ ಮೀಟರ್ ಲೆಕ್ಕವನ್ನು ಟೇಪಿನ ಅಳತೆಯಂತೆ ನಂಬುವುದು ಬೇಡ.

• ಐಆರ್‌ಕೆ ಕೀಯನ್ನು ಸ್ಕ್ರೀನ್‌ಶಾಟ್‌ನಲ್ಲೂ ಯಾರಿಗೂ ಕಳುಹಿಸಬಾರದು. ಅದು ಸಿಕ್ಕವರಿಗೆ ನಿಮ್ಮ ಫೋನ್ ಅವರ ಬ್ಲೂಟೂತ್ ವ್ಯಾಪ್ತಿಗೆ ಬಂದಾಗಲೆಲ್ಲ ಗುರುತಾಗುತ್ತದೆ.

• ಮನೆಗೆಲಸದವರ, ಬಾಡಿಗೆಯವರ, ಅತಿಥಿಗಳ ಫೋನನ್ನು ಅವರ ಒಪ್ಪಿಗೆಯಿಲ್ಲದೆ ದಾಖಲಿಸಬಾರದು.

• ಫೋನುಗಳೆಲ್ಲ ಹೊರಹೋದ ಮಾತ್ರಕ್ಕೆ ಮನೆ ಖಾಲಿ ಎಂದುಕೊಳ್ಳುವುದು ಬೇಡ. ಅಜ್ಜಿಯ ಬಳಿ ಫೋನಿಲ್ಲ, ಮಗುವಿನ ಬಳಿಯೂ ಇಲ್ಲ. ಅವರಿರುವ ಕೋಣೆಗೆ ಚಲನೆ ಹಿಡಿಯುವ ಸೆನ್ಸರ್ ಹಾಕದೆ ಫ್ಯಾನ್ ಆರಿಸುವ ಆಟೊಮೇಷನ್ ಮಾಡಬಾರದು.

• ಹೊಗೆ, ಗ್ಯಾಸ್ ಅಲಾರಂಗಳನ್ನು 'ಯಾರೂ ಇಲ್ಲ' ಎಂಬ ಕಾರಣಕ್ಕೆ ಸುಮ್ಮನಾಗಿಸಬಾರದು.

• ಪ್ರಯಾಣದ ಹಿಂದಿನ ದಿನ ಈ ಸೆಟ್ಟಿಂಗ್‌ಗಳಲ್ಲಿ ಯಾವುದನ್ನೂ ಮುಟ್ಟುವುದು ಬೇಡ.

ಬದಲಾಯಿಸಿದ ಬೋರ್ಡ್ ಹತ್ತು ನಿಮಿಷಕ್ಕೂ ನೆಟ್‌ವರ್ಕ್‌ಗೆ ಮರಳದಿದ್ದರೆ ಉಳಿಸಿಟ್ಟ ಫೈಲನ್ನು ಯುಎಸ್‌ಬಿ ಕೇಬಲ್‌ನಿಂದ ಮತ್ತೆ ಹಾಕಿ. ಅಲ್ಲಿಯವರೆಗೆ ಹೊರಗೆ ಹೋಗುವವರು ಬಾಗಿಲ ಕೀಲಿಕೈ ಜೇಬಿನಲ್ಲಿಟ್ಟುಕೊಂಡೇ ಹೋಗಿ.